ಮೇಲ್ಮನೆಯ ಮೇಲ್ಕುರ್ಚಿ

ನಂದಿನಿ ಲೇಔಟಿನ ಯಾವುದಾದರೂ ತಿರುವಿನಲ್ಲಿ ನಿಂತು ನಿಮ್ಮ ಎಂಎಲ್‌ಎ ಯಾರು ಎಂದು ಕೇಳಿ ನೋಡಿ. ತರಕಾರಿ ಗಾಡಿಯವನೂ ಹೇಳುತ್ತಾನೆ. ಹೆಸರಿನ ಜೊತೆಗೆ ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಸಿಗುತ್ತಾರೆ, ಯಾರನ್ನು ಹಿಡಿದರೆ ಕೆಲಸ ಆಗುತ್ತದೆ ಎಂಬುದನ್ನೂ ಪುಕ್ಕಟೆಯಾಗಿ ಸೇರಿಸುತ್ತಾನೆ. ಎಂಎಲ್‌ಸಿ ಯಾರು ಎಂದರೆ ತಕ್ಕಡಿ ಕೆಳಗಿಟ್ಟು ಸ್ವಲ್ಪ ಯೋಚಿಸುತ್ತಾನೆ. ವಿಧಾನ ಪರಿಷತ್ತಿನ ಸಭಾಪತಿ ಯಾರು ಎಂದರೆ ಮಾತ್ರ ನಮ್ಮನ್ನೇ ಅನುಮಾನದಿಂದ ನೋಡಿ, "ಯಾಕ್ ಸಾರ್, ಅವರ ಸೈನ್ ಏನಾದ್ರೂ ಬೇಕಿತ್ತಾ?" ಎನ್ನುತ್ತಾನೆ.

ಅವನದೇನೂ ತಪ್ಪಿಲ್ಲ. ಸೈನ್ ಹಾಕಿಸಿಕೊಳ್ಳಲಿಕ್ಕೆ, ರಸ್ತೆಗೆ ಡಾಂಬರು ಹಾಕಿಸಲಿಕ್ಕೆ, ಲಗ್ಗೆರೆ ಕಡೆಯ ಟ್ರಾಫಿಕ್ಕಿಗೆ ಬೈಯಲಿಕ್ಕೆ, ಯಾವುದಕ್ಕೂ ಸಭಾಪತಿ ಒದಗುವುದಿಲ್ಲ. ಅವರ ಕೆಲಸ ನಡೆಯುವುದು ವಿಧಾನಸೌಧದ ಒಂದು ಸಭಾಂಗಣದೊಳಗೆ, ಎತ್ತರದ ಒಂದು ಕುರ್ಚಿಯ ಮೇಲೆ. ಅಲ್ಲಿ ಎಲ್ಲರೂ ಮಾತಾಡುವುದು ಅವರನ್ನು ಉದ್ದೇಶಿಸಿಯೇ. ಆದರೆ ಅವರು ಮಾತ್ರ ಮಾತಾಡುವಂತಿಲ್ಲ. ಮೇಲ್ಮನೆಯ ಅಧಿಕಾರವೆಲ್ಲ ಹೀಗೆ ಬಾಯಿ ಮುಚ್ಚಿಕೊಂಡಿರುವವರ ಕೈಯಲ್ಲಿದೆ.

ನಮ್ಮ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಸಂಜೆ ಹೊತ್ತು ಸೇರುವ ಮಂಡಳಿಗೆ ಸಭಾಪತಿ ಇಲ್ಲ. ಆದ್ದರಿಂದ ಅಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಒಂದು ಸಂಜೆ ಬಿಎಂಟಿಸಿಯಿಂದ ನಿವೃತ್ತರಾದ ಕಂಡಕ್ಟರ್ ಒಬ್ಬರು, "ಕೆಳಮನೆ ಅಂದ್ರೆ ಅರ್ಥ ಆಗುತ್ತೆ ಸ್ವಾಮಿ. ಈ ಮೇಲ್ಮನೆ ಯಾಕೆ? ಎಲೆಕ್ಷನ್ನಲ್ಲಿ ಸೋತವರಿಗೆ ಗಂಜಿ ಕೇಂದ್ರ, ಅಷ್ಟೇ ತಾನೆ?" ಎಂದುಬಿಟ್ಟರು. ಪಕ್ಕದಲ್ಲಿದ್ದ ಹೈಸ್ಕೂಲ್ ಮೇಷ್ಟ್ರಿಗೆ ಕೋಪ ಬಂತು. "ಹಂಗೆಲ್ಲ ಅನ್ಬೇಡಿ ಗೌಡ್ರೇ. ಅಲ್ಲಿ ನಮಗೆ ಅಂತ ಏಳು ಸೀಟಿದೆ!" ಎಂದರು. ಬಸ್ಸಿನಲ್ಲಿ ಜೀವಮಾನವೆಲ್ಲ ಸೀಟಿನ ಜಗಳ ಬಿಡಿಸಿದ ಗೌಡರು, "ಸೀಟಿದೆ ಅಂತ ಬಸ್ ಓಡಿಸ್ತಾರಾ ಮೇಷ್ಟ್ರೇ, ಜನ ಇದ್ದಾರೆ ಅಂತ ಓಡಿಸ್ತಾರೆ" ಎಂದರು.

ಮೇಷ್ಟ್ರ ಲೆಕ್ಕ ಸರಿಯೇ. ಕರ್ನಾಟಕದ ಪರಿಷತ್ತಿನಲ್ಲಿ 75 ಸ್ಥಾನ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ, 25 ಮಂದಿಯನ್ನು ಪಂಚಾಯಿತಿ, ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು. ಪದವೀಧರರಿಗೆ 7, ಶಿಕ್ಷಕರಿಗೆ 7. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಕವಿ ಸಿದ್ಧಲಿಂಗಯ್ಯ, ನಾಟಕಕಾರ ಚಂದ್ರಶೇಖರ ಕಂಬಾರ ಇಂಥವರೆಲ್ಲ ಅಲ್ಲಿ ಕೂತು ಬಂದವರೇ. ಚಿಂತಕರ ಚಾವಡಿ ಎಂಬ ಬಿರುದು ಬಂದದ್ದು ಅಂಥವರಿಂದ, ಗಂಜಿ ಕೇಂದ್ರ ಎಂಬ ಬಿರುದು ಬಂದದ್ದು ಬೇರೆಯವರಿಂದ. ಎರಡೂ ಬಿರುದು ಒಂದೇ ಮನೆಯ ಬಾಗಿಲಿಗೆ ತೂಗಿವೆ. ಆ ಮನೆಯನ್ನು ಯಾವಾಗ ಯಾವ ಬಿರುದಿನಿಂದ ಕರೆಯಬೇಕು ಎಂಬುದು ಬಹುಪಾಲು ಆ ಎತ್ತರದ ಕುರ್ಚಿಯಲ್ಲಿ ಕೂತವರನ್ನು ಅವಲಂಬಿಸಿದೆ ಎಂದು ನನ್ನ ಅನಿಸಿಕೆ.

ಕುರ್ಚಿಯ ಶಾಸ್ತ್ರವನ್ನು ಸ್ವಲ್ಪ ನೋಡೋಣ. ಸದಸ್ಯರು ಒಬ್ಬರನ್ನೊಬ್ಬರು ನೇರವಾಗಿ ಬೈಯುವಂತಿಲ್ಲ. "ಮಾನ್ಯ ಸಭಾಪತಿಗಳೇ, ಈ ಮಂತ್ರಿಗಳು ಹೇಳುತ್ತಿರುವುದು ಶುದ್ಧ ಸುಳ್ಳು" ಎನ್ನಬೇಕು. ಮಂತ್ರಿಗಳು, "ಮಾನ್ಯ ಸಭಾಪತಿಗಳೇ, ಮಾನ್ಯ ಸದಸ್ಯರಿಗೆ ಓದಲು ಬರುವುದಿಲ್ಲವೇ?" ಎಂದು ಉತ್ತರ ಕೊಡಬೇಕು. ಬೈಗುಳ ಸಭಾಪತಿಯವರ ಮೂಲಕ ಹಾದುಹೋಗುವಷ್ಟರಲ್ಲಿ ಅದರ ಅರ್ಧ ಕಾವು ಇಳಿದಿರುತ್ತದೆ ಎಂಬುದು ಈ ಪದ್ಧತಿ ಮಾಡಿದವರ ಲೆಕ್ಕಾಚಾರ. ಇಳಿಯದೆ ಉಳಿದದ್ದನ್ನು ಸಭಾಪತಿ ಕಡತದಿಂದ ತೆಗೆಸುತ್ತಾರೆ. ಸಭಾಪತಿ ಎದ್ದು ನಿಂತರೆ ನಿಂತಿದ್ದವರೆಲ್ಲ ಕೂರಬೇಕು. ಹತ್ತು ಮಂದಿಯಾದರೂ ಇಲ್ಲದಿದ್ದರೆ ಕೋರಂ ಇಲ್ಲ, ಗಂಟೆ ಬಾರಿಸಬೇಕು. ಮತಕ್ಕೆ ಹಾಕುವಾಗ "ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ" ಎಂದು ಕೇಳಿ ಯಾವ ಕಡೆ ದನಿ ಜೋರಾಗಿದೆ ಎಂದು ಕಿವಿಯಲ್ಲೇ ತೂಗಬೇಕು. ತಾವು ಮಾತ್ರ ಮತ ಹಾಕುವಂತಿಲ್ಲ. ಎರಡೂ ಕಡೆ ಸಮಸಮ ಬಂದರಷ್ಟೇ ಅವರದೊಂದು ನಿರ್ಣಾಯಕ ಮತ. ಸಂವಿಧಾನದ 189ನೇ ವಿಧಿ ಹೇಳುವುದು ಇದನ್ನೇ.

ಮತವಿಲ್ಲದವನಿಗೆ ಮನೆಯ ಯಜಮಾನಿಕೆ ಕೊಟ್ಟ ಈ ಏರ್ಪಾಡು ನಮ್ಮಲ್ಲಿ ಮೊದಲಿಂದ ಹೀಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಬಂತು, 1907ರಲ್ಲಿ ನ್ಯಾಯವಿಧಾಯಕ ಸಭೆ. ಇಂದಿನ ಪರಿಷತ್ತು ತನ್ನ ವಂಶಾವಳಿಯನ್ನು ಎಣಿಸುವುದು ಆ 1907ರಿಂದ. ಡಿ.ವಿ.ಜಿ. ಕೂಡ ಆ ಸಭೆಯ ಸದಸ್ಯರಾಗಿದ್ದರು. ಬಹಳ ಕಾಲ ಅಲ್ಲಿ ಅಧ್ಯಕ್ಷರ ಪೀಠದಲ್ಲಿ ಕೂರುತ್ತಿದ್ದವರು ಸ್ವತಃ ದಿವಾನರು. ಸರ್ಕಾರ ನಡೆಸುವವರೂ ಅವರೇ, ಸರ್ಕಾರವನ್ನು ಪ್ರಶ್ನಿಸಲು ಅವಕಾಶ ಕೊಡುವವರೂ ಅವರೇ. "ಪ್ರಶ್ನೆ ಸಾಕು, ಕುಳಿತುಕೊಳ್ಳಿ" ಎಂದರೆ ಅದು ಪೀಠದ ಆಜ್ಞೆಯೋ ಸರ್ಕಾರದ ಉತ್ತರವೋ ತಿಳಿಯುವ ಉಪಾಯವಿರಲಿಲ್ಲ. ಇದನ್ನು ಹೇಳಿದಾಗ ನಮ್ಮ ಕಂಡಕ್ಟರ್ ಗೌಡರು, "ಡ್ರೈವರ್ರೂ ಅವನೇ, ಚೆಕಿಂಗ್ ಇನ್ಸ್‌ಪೆಕ್ಟರೂ ಅವನೇ ಅನ್ನಿ. ಸರ್ವೀಸಲ್ಲಿ ನಮಗ್ಯಾರಿಗೂ ಅಂಥ ಭಾಗ್ಯ ಸಿಗ್ಲಿಲ್ಲ" ಎಂದು ನಿಟ್ಟುಸಿರು ಬಿಟ್ಟರು.

ದೆಹಲಿಯ ಮೇಲ್ಮನೆಯ ಕಥೆಯೇ ಬೇರೆ. ರಾಜ್ಯಸಭೆಯ ಸಭಾಪತಿಯನ್ನು ಅಲ್ಲಿನ ಸದಸ್ಯರು ತಮ್ಮೊಳಗಿಂದ ಆರಿಸುವುದಿಲ್ಲ. ಉಪರಾಷ್ಟ್ರಪತಿ ಯಾರೋ ಅವರೇ ಸಭಾಪತಿ. ಅವರು ಆ ಸಭೆಯ ಸದಸ್ಯರೇ ಅಲ್ಲ. ಮೊದಲ ಸಭಾಪತಿ ಸರ್ವೆಪಲ್ಲಿ ರಾಧಾಕೃಷ್ಣನ್, 1918ರಿಂದ ಮೂರು ವರ್ಷ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದವರು. ಅವರ ಜೊತೆಗೆ ಮೊದಲ ಉಪಸಭಾಪತಿಯಾದವರು ಮೈಸೂರು ರಾಜ್ಯದಿಂದಲೇ ಹೋದ ಎಸ್.ವಿ. ಕೃಷ್ಣಮೂರ್ತಿ ರಾವ್. 1952ರಿಂದ 1962ರವರೆಗೆ ಹೀಗೆ ರಾಜ್ಯಸಭೆಯ ಪೀಠದಲ್ಲಿ ಸರದಿಯ ಮೇಲೆ ಕೂತದ್ದು ಮೈಸೂರಿನ ನೀರು ಕುಡಿದ ಇಬ್ಬರು. ರಾವ್ ಅವರ ಬಳಿಕ ಉಪಸಭಾಪತಿಯಾದವರು ವಯೊಲೆಟ್ ಆಳ್ವ, ಉತ್ತರ ಕನ್ನಡದ ಸಂಸದರಾಗಿದ್ದ ಜೋಕಿಂ ಆಳ್ವರ ಪತ್ನಿ. 1974ರಲ್ಲಿ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಉಪರಾಷ್ಟ್ರಪತಿಯಾಗಿ ಸಭಾಪತಿಯ ಪೀಠಕ್ಕೇ ಬಂದರು. ನಮ್ಮ ವಿಧಾನ ಪರಿಷತ್ತಿನಲ್ಲಿ ಸಭಾಪತಿಯಾಗಿದ್ದ ಕೆ. ರೆಹಮಾನ್ ಖಾನ್ 2004ರಿಂದ 2012ರವರೆಗೆ ಅಲ್ಲಿ ಉಪಸಭಾಪತಿ. ಗದ್ದಲದ ನಡುವೆ ಸಮಾಧಾನದಿಂದ ಕೂರುವ ಕಲೆ ಕನ್ನಡನಾಡಿಗೆ ಚೆನ್ನಾಗಿ ಒಲಿದಿದೆ ಎನ್ನಬೇಕು. ನಮ್ಮ ಲೇಔಟಿನ ಪಕ್ಕದ ರಿಂಗ್ ರೋಡಿನಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಲಂಡನ್ನಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಪೀಠಸ್ಥರು ಕೂರುವುದು ಉಣ್ಣೆ ತುಂಬಿದ ಒಂದು ದೊಡ್ಡ ಕೆಂಪು ಆಸನದ ಮೇಲೆ. ಕುರ್ಚಿ ಮೆತ್ತಗಿದೆ, ಅಧಿಕಾರ ಇನ್ನೂ ಮೆತ್ತಗಿದೆ. ಅಲ್ಲಿನವರು ಪೀಠವನ್ನು ಉದ್ದೇಶಿಸಿ ಮಾತಾಡುವುದಿಲ್ಲ, ಇಡೀ ಸಭೆಯನ್ನು ಉದ್ದೇಶಿಸುತ್ತಾರೆ. ಯಾರಾದರೂ ಹದ್ದು ಮೀರಿದರೆ "ಸುಮ್ಮನಿರಿ" ಎನ್ನುವ ಅಧಿಕಾರ ಪೀಠಕ್ಕಿಲ್ಲ. ಸಭೆಯೇ ತನ್ನನ್ನು ತಾನು ಹದ್ದಿನಲ್ಲಿಟ್ಟುಕೊಳ್ಳಬೇಕು. ಮೇಷ್ಟ್ರು ಇದನ್ನು ಕೇಳಿ, "ಎಂಟನೇ ಕ್ಲಾಸಿನ ಬಿ ಸೆಕ್ಷನ್ನಲ್ಲಿ ಒಂದು ದಿನ ಇದನ್ನ ಮಾಡಿ ತೋರಿಸ್ಲಿ ನೋಡೋಣ" ಎಂದರು.

ನಮ್ಮಲ್ಲಿ ಪೀಠಕ್ಕೆ ಗಂಟೆ ಇದೆ, ಮಾರ್ಷಲ್ ಇದ್ದಾರೆ, ನಿಯಮಾವಳಿಯ ಪುಸ್ತಕ ಇದೆ. ಆದರೂ ಮೇಲ್ಮನೆಯ ಸಭಾಪತಿಗೆ ಕೆಳಮನೆಯ ಸಭಾಧ್ಯಕ್ಷರಿಗಿಲ್ಲದ ಒಂದು ಪೀಕಲಾಟವಿದೆ. ಪೇಪರಿನವರು ಅದನ್ನು ಜಗಳವಾದಾಗ ಮಾತ್ರ ಬರೆಯುತ್ತಾರೆ.

ಅದೇನೆಂದರೆ, ವಿಧಾನಸಭೆ ಐದು ವರ್ಷಕ್ಕೆ ವಿಸರ್ಜನೆಯಾಗುತ್ತದೆ. ಹೊಸ ಸರ್ಕಾರ ಬಂದರೆ ಹೊಸ ಸಭಾಧ್ಯಕ್ಷರು ಬರುತ್ತಾರೆ, ಸಾಮಾನ್ಯವಾಗಿ ಸರ್ಕಾರದ ಕಡೆಯವರೇ. ಪರಿಷತ್ತು ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆ, ಮನೆ ಮಾತ್ರ ನಿಂತೇ ಇರುತ್ತದೆ. ಹಾಗಾಗಿ ಒಂದು ಸರ್ಕಾರದ ಕಾಲದಲ್ಲಿ ಕುರ್ಚಿ ಏರಿದವರು ಇನ್ನೊಂದು ಸರ್ಕಾರದ ಕಾಲದಲ್ಲೂ ಅಲ್ಲೇ ಕೂತಿರುತ್ತಾರೆ. ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ ಬಿಜೆಪಿ ಸರ್ಕಾರವಿದ್ದಾಗ 2010ರಲ್ಲಿ ಸಭಾಪತಿಯಾದರು. 2013ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೂ 2018ರವರೆಗೆ ಮುಂದುವರಿದರು. ಕಾಂಗ್ರೆಸ್ಸಿನ ಪ್ರತಾಪಚಂದ್ರ ಶೆಟ್ಟಿ 2018ರ ಡಿಸೆಂಬರಿನಲ್ಲಿ ಮೈತ್ರಿ ಸರ್ಕಾರದ ಕಾಲಕ್ಕೆ ಬಂದರು. ಮರುವರ್ಷ ಸರ್ಕಾರ ಬಿಜೆಪಿಯದಾಯಿತು, ಕುರ್ಚಿ ಅವರದೇ ಉಳಿಯಿತು. ಬಸವರಾಜ ಹೊರಟ್ಟಿ 2022ರ ಡಿಸೆಂಬರಿನಲ್ಲಿ ಬಿಜೆಪಿಯಿಂದ ಮತ್ತೆ ಸಭಾಪತಿಯಾದರು. ಐದು ತಿಂಗಳಲ್ಲಿ ಎದುರಿನ ಮಂತ್ರಿಗಳ ಸಾಲಿನಲ್ಲಿ ಕಾಂಗ್ರೆಸ್ಸಿನವರು ಬಂದು ಕೂತರು. ಹೊರಟ್ಟಿಯವರು 1980ರಿಂದ ಶಿಕ್ಷಕರ ಕ್ಷೇತ್ರದಿಂದ ಗೆಲ್ಲುತ್ತ ಬಂದವರು, ಮೊದಲು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ವಿಷಲ್ ಊದುವ ಅನುಭವ ಗಂಟೆ ಬಾರಿಸುವ ಕೆಲಸಕ್ಕೆ ಉಪಯೋಗವಾಗದೆ ಇರಲಾರದು.

ಹೀಗೆ ಒಂದು ಕಡೆಯವರ ಸರ್ಕಾರಕ್ಕೆ ಇನ್ನೊಂದು ಕಡೆಯಿಂದ ಬಂದವರ ಕಾವಲು. ನೋಡಿದರೆ ಇದು ಒಳ್ಳೆಯ ಏರ್ಪಾಡು, ಬೇಕೆಂದೇ ಮಾಡಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಆದರೆ ಸರ್ಕಾರಗಳಿಗೆ ಕಾವಲು ಯಾವತ್ತೂ ಹಿತವಲ್ಲ. 2017ರ ಜೂನಿನಲ್ಲಿ ಶಂಕರಮೂರ್ತಿಯವರ ವಿರುದ್ಧ ಕಾಂಗ್ರೆಸ್ ಅವಿಶ್ವಾಸ ತಂದಿತು. ಜೆಡಿಎಸ್ ಬಿಜೆಪಿಯ ಜೊತೆ ನಿಂತಿತು. 37–36, ಒಂದೇ ಮತದಲ್ಲಿ ಕುರ್ಚಿ ಉಳಿಯಿತು.

2020ರ ಡಿಸೆಂಬರಿನದು ಇಷ್ಟು ಸಭ್ಯವಾಗಿ ಮುಗಿಯಲಿಲ್ಲ. ಗೋಹತ್ಯೆ ನಿಷೇಧದ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಗಿ ಮೇಲ್ಮನೆಯ ಹೊಸ್ತಿಲಲ್ಲಿತ್ತು. ಸಭಾಪತಿ ಪ್ರತಾಪಚಂದ್ರ ಶೆಟ್ಟಿಯವರು ಸದನವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಿದ್ದರು. ಅವರ ವಿರುದ್ಧ ಅವಿಶ್ವಾಸದ ನೋಟಿಸೂ ಬಿದ್ದಿತ್ತು. ಡಿಸೆಂಬರ್ 15ರಂದು ಸದನ ಮತ್ತೆ ಸೇರಿತು. ಆ ಬೆಳಿಗ್ಗೆ ಕೋರಂ ಗಂಟೆ ಇನ್ನೂ ಬಾರಿಸುತ್ತಿರುವಾಗಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರು ಪೀಠದಲ್ಲಿ ಬಂದು ಕೂತರು. ಸಭಾಪತಿ ಒಳಗೆ ಬರುವ ಬಾಗಿಲನ್ನು ಮುಚ್ಚಿ ಹಿಡಿದಿದ್ದಾರೆ ಎಂದು ಕಾಂಗ್ರೆಸ್ಸಿನವರು ಕೂಗಿದರು. ಕೂಗಿದವರು ಪೀಠಕ್ಕೇ ನುಗ್ಗಿ, ಕೂತಿದ್ದವರನ್ನು ತೋಳು ಹಿಡಿದು ಎಳೆದರು. ಬಿಜೆಪಿ, ಜೆಡಿಎಸ್‌ನವರು ತಡೆಯಲು ನುಗ್ಗಿದರು. ಕೊನೆಗೆ ಸಭಾಪತಿ ಮಾರ್ಷಲ್‌ಗಳ ಕಾವಲಿನಲ್ಲಿ ಬಂದು ಸದನವನ್ನು ಮತ್ತೆ ಮುಂದೂಡಿ ಹೋದರು. ಇಡೀ ರಾಜ್ಯ ಅದನ್ನು ಟಿ.ವಿ.ಯಲ್ಲಿ ನೋಡಿತು. ಎರಡು ವಾರ ತುಂಬುವಷ್ಟರಲ್ಲಿ ಧರ್ಮೇಗೌಡರು ಕಡೂರಿನ ಬಳಿ ರೈಲು ಹಳಿಯ ಮೇಲೆ ಶವವಾಗಿ ಸಿಕ್ಕರು. ಅದಕ್ಕೂ ಇದಕ್ಕೂ ಗಂಟು ಹಾಕುವ ಹಕ್ಕು ಹರಟೆ ಹೊಡೆಯುವವರಿಗಿಲ್ಲ. ಆ ಸುದ್ದಿ ಬಂದ ಸಂಜೆ ನಮ್ಮ ಬೆಂಚಿನಲ್ಲಿ ಯಾರೂ ಪಕ್ಷ ಹಿಡಿದು ಮಾತಾಡಲಿಲ್ಲ ಎಂಬುದಷ್ಟು ನಿಜ. ಫೆಬ್ರವರಿಯಲ್ಲಿ ಸಭಾಪತಿ ರಾಜೀನಾಮೆ ಕೊಟ್ಟರು, ಹೊಸ ಉಪಸಭಾಪತಿ ಎಂ.ಕೆ. ಪ್ರಾಣೇಶ್ ಪೀಠದಲ್ಲಿದ್ದಾಗ ಮಸೂದೆ ಧ್ವನಿಮತದಲ್ಲಿ ಪಾಸಾಯಿತು, ಮರುದಿನ ಹೊರಟ್ಟಿ ಸಭಾಪತಿಯಾದರು.

ಜಗಳದ ತಿರುಳು ಮಸೂದೆಯಷ್ಟೇ ಆಗಿರಲಿಲ್ಲ. ತನ್ನ ಮೇಲೆಯೇ ಅವಿಶ್ವಾಸ ಬಂದಾಗ ಪೀಠದಲ್ಲಿ ಯಾರು ಕೂರಬೇಕು ಎಂಬುದೂ ಆಗಿತ್ತು. ಇದಕ್ಕೆ ಸಂವಿಧಾನದಲ್ಲಿ ಉತ್ತರವಿದೆ. 183ನೇ ವಿಧಿಯ ಪ್ರಕಾರ ಸಭಾಪತಿಯನ್ನು ತೆಗೆಯಲು 14 ದಿನ ಮುಂಚಿತವಾಗಿ ನೋಟಿಸ್ ಬೇಕು, ಆಗ ಇರುವ ಒಟ್ಟು ಸದಸ್ಯರ ಬಹುಮತ ಬೇಕು. 185ರ ಪ್ರಕಾರ ಆ ನಿರ್ಣಯ ಚರ್ಚೆಗೆ ಬಂದಾಗ ಅವರು ಪೀಠದಲ್ಲಿ ಕೂರುವಂತಿಲ್ಲ. ಕೆಳಗೆ ಕೂತು ಮಾತಾಡಬಹುದು, ಎಲ್ಲರಂತೆ ಮತವನ್ನೂ ಹಾಕಬಹುದು. ಕಾಗದದ ಮೇಲೆ ಎಲ್ಲವೂ ಇದೆ. ಕಾಗದ ಬಲ್ಲವರು ಮೊದಲು ಬಾಗಿಲಿಗೆ, ಆಮೇಲೆ ತೋಳಿಗೆ ಕೈ ಹಾಕಿದರೆ ವಿಧಿಗಳು ಏನು ಮಾಡಬೇಕು?

ಇದೇ ನ್ಯಾಯ ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ಮಿತಭಾಷಿ. ಯಾವ ಕ್ರಾಸಿನಲ್ಲಿ ಮೊದಲು ಸಿಸಿಟಿವಿ ಹಾಕಿಸಬೇಕು ಎಂಬ ವಿಷಯ ಬಂತು. ಇಬ್ಬರು ಎದ್ದು ಒಬ್ಬರ ಮುಖಕ್ಕೊಬ್ಬರು ಬೆರಳು ತೋರಿಸತೊಡಗಿದರು. ಅಧ್ಯಕ್ಷರು, "ನನ್ನ ಕಡೆ ತಿರುಗಿ ಮಾತಾಡಿ" ಎಂದರು. ಅವರು ತಿರುಗಿದರು, ದನಿ ಇಳಿಯಿತು. ಆಗ ಹಿಂದಿನ ಸಾಲಿನ ಒಬ್ಬ ಹೆಂಗಸು, "ನಿಮ್ಮನೆ ಇರೋದೂ ಅದೇ ಕ್ರಾಸಲ್ಲಲ್ವಾ ಸಾರ್?" ಎಂದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೌದಮ್ಮ. ಹಾಗಾದರೆ ಈ ವಿಷಯ ಮುಗಿಯೋವರೆಗೆ ಕಾರ್ಯದರ್ಶಿಗಳು ಇಲ್ಲಿ ಕೂತ್ಕೊಳ್ಲಿ" ಎಂದು ಎದ್ದು ಬಂದು, ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕ್ಯಾಮೆರಾ ಬೇರೆ ಕ್ರಾಸಿಗೆ ಹೋಯಿತು. ಮುಂದಿನ ವಿಷಯಕ್ಕೆ ಅವರು ವಾಪಸು ಹೋಗಿ ಕೂತಾಗ ಯಾರೂ ಕೆಮ್ಮಲಿಲ್ಲ. ಅವರು 185ನೇ ವಿಧಿ ಓದಿದವರಲ್ಲ.

ಅಂದರೆ ಸಭಾಪತಿ ಯಾವ ಪಕ್ಷದಿಂದ ಬಂದವರು ಎಂಬುದು ದೊಡ್ಡ ವಿಷಯವಲ್ಲ. ಎಲ್ಲರೂ ಯಾವುದೋ ಕ್ರಾಸಿನಿಂದ ಬಂದವರೇ. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧದ ಕಾನೂನು, ಪೀಠಸ್ಥರಿಗೆ ಒಂದು ರಿಯಾಯಿತಿ ಕೊಟ್ಟಿದೆ. ಬೇರೆಯವರು ಪಕ್ಷ ಬಿಟ್ಟರೆ ಸ್ಥಾನ ಹೋಗುತ್ತದೆ. ಪೀಠಕ್ಕೆ ಆಯ್ಕೆಯಾದ ಕಾರಣಕ್ಕೆ ಪಕ್ಷದ ಸದಸ್ಯತ್ವ ಬಿಟ್ಟುಕೊಟ್ಟರೆ ಸಭಾಪತಿಗೆ ಏನೂ ಆಗುವುದಿಲ್ಲ. ಈ ಕಾನೂನು ಹುಟ್ಟುವ ಮೊದಲೇ, 1967ರಲ್ಲಿ, ನೀಲಂ ಸಂಜೀವ ರೆಡ್ಡಿಯವರು ಲೋಕಸಭೆಯ ಸಭಾಧ್ಯಕ್ಷರಾದಾಗ ಕಾಂಗ್ರೆಸ್ಸಿಗೆ ರಾಜೀನಾಮೆ ಕೊಟ್ಟಿದ್ದರು. ಈ ರಿಯಾಯಿತಿಯ ಕೂಪನ್ ಹರಿದುಕೊಂಡವರು ಆಮೇಲೆ ಸಿಗುವುದು ಅಪರೂಪ. ಬಿಟ್ಟರೆ ಮುಂದಿನ ಟಿಕೆಟ್ ಯಾರು ಕೊಡುತ್ತಾರೆ?

ಇಷ್ಟೆಲ್ಲ ಒದ್ದಾಟ ಯಾಕೆ, ಮೇಲ್ಮನೆಗೆ ಇರುವ ಅಧಿಕಾರವಾದರೂ ಎಷ್ಟು ಎನ್ನಬಹುದು. ಹಣಕಾಸಿನ ಮಸೂದೆಯನ್ನು ಅದು 14 ದಿನ ಇಟ್ಟುಕೊಳ್ಳಬಹುದು. ಬೇರೆ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು. ಕೊನೆಗೆ ನಡೆಯುವುದು ಕೆಳಮನೆಯ ಮಾತೇ. ಆದರೆ ಆ ಸ್ವಲ್ಪ ತಡವೇ ಸರ್ಕಾರಗಳ ನಿದ್ದೆ ಕೆಡಿಸುತ್ತದೆ. 2020ರ ಜನವರಿ 22ರಂದು ಆಂಧ್ರದ ಪರಿಷತ್ತಿನ ಸಭಾಪತಿ ಎಂ.ಎ. ಷರೀಫ್ ಮೂರು ರಾಜಧಾನಿಗಳ ಮಸೂದೆಯನ್ನು ತಮ್ಮ ವಿವೇಚನೆ ಬಳಸಿ ಪರಿಶೀಲನಾ ಸಮಿತಿಗೆ ಕಳಿಸಿದರು. ಐದನೆಯ ದಿನ ಅಲ್ಲಿನ ವಿಧಾನಸಭೆ ಪರಿಷತ್ತನ್ನೇ ರದ್ದು ಮಾಡಬೇಕೆಂದು ನಿರ್ಣಯ ಮಾಡಿತು! ಮರುವರ್ಷ ನವೆಂಬರಿನಲ್ಲಿ ಆ ನಿರ್ಣಯ ಹಿಂದಕ್ಕೆ ಹೋಯಿತು, ಪರಿಷತ್ತು ಉಳಿಯಿತು. ನಮ್ಮಲ್ಲೂ 2024ರ ಫೆಬ್ರವರಿ 23ರಂದು ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು ಪೀಠದಲ್ಲಿದ್ದ ಪ್ರಾಣೇಶ್ ಮತಕ್ಕೆ ಹಾಕಿದರು. ಆಡಳಿತ ಪಕ್ಷದ ಸಾಲುಗಳು ಬಹುಪಾಲು ಖಾಲಿ ಇದ್ದವು, "ಇಲ್ಲ" ಜೋರಾಗಿ ಕೇಳಿಸಿತು, ಮಸೂದೆ ಬಿತ್ತು. ಒಂದು ವಾರದೊಳಗೆ ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿಕೊಂಡಿತು. ಆದರೂ ಆ ಒಂದು ವಾರ, ಹಾಜರಿ ಹಾಕುವುದು ಎಷ್ಟು ಮುಖ್ಯ ಎಂಬ ಪಾಠವನ್ನು ಮಂತ್ರಿಗಳು ಕಲಿತರು. "ಅದನ್ನೇ ನಾನು ಮೂವತ್ತು ವರ್ಷ ಬಡಕೊಂಡದ್ದು" ಎಂದರು ಮೇಷ್ಟ್ರು.

ಕಂಡಕ್ಟರ್ ಗೌಡರು ಇನ್ನೂ ಒಪ್ಪಿಲ್ಲ. ಗಂಜಿ ಕೇಂದ್ರವೆಂಬ ತಮ್ಮ ಮಾತನ್ನು ಅವರು ಕಡತದಿಂದ ತೆಗೆದಿಲ್ಲ. ಆದರೆ ಅವರ ಮಗಳು ಬಿ.ಕಾಂ. ಮುಗಿಸಿ ಮೂರು ವರ್ಷ ದಾಟಿದೆ ಎಂದು ತಿಳಿದ ಮೇಷ್ಟ್ರು ಬಿಡಲಿಲ್ಲ. "ನಮೂನೆ 18 ತುಂಬಿಸ್ರೀ ಗೌಡ್ರೇ, ಬೆಂಗಳೂರು ಪದವೀಧರ ಕ್ಷೇತ್ರಕ್ಕೆ ಅವಳೂ ಮತದಾರಳಾಗ್ಲಿ" ಎಂದು ಹಿಡಿದಿದ್ದಾರೆ.

ನಮ್ಮ ಲೇಔಟಿನ ಪದವೀಧರರಿಗೆಲ್ಲ ನಾನೂ ಅದನ್ನೇ ಹೇಳುತ್ತೇನೆ. ಈ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿತ್ತು ಎಂದು ಕೂತರೆ ಈ ಸಲ ಇರುವುದಿಲ್ಲ. ಹೆಸರು ಸೇರಿಸಿ, ಅವರು ಕೊಡುವ ನೇರಳೆ ಪೆನ್ನಿನಲ್ಲಿ 1, 2, 3 ಎಂದು ಬರೆಯಿರಿ. ಸಭಾಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ, ಆದರೆ ಅವರ ಎದುರಿಗೆ ಕೂರುವವರಲ್ಲಿ ಕೆಲವರನ್ನು ನಾವೇ ಕಳಿಸುತ್ತೇವೆ. ಕುರ್ಚಿಯ ಬಲವೆಲ್ಲ ಆ ಎದುರಿನವರ ಕೈಯಲ್ಲಿದೆ. ಅಭ್ಯರ್ಥಿ ಕರಪತ್ರ ಹಿಡಿದು ನಿಮ್ಮ ಗೇಟಿಗೆ ಬಂದಾಗ ರಸ್ತೆ, ಚರಂಡಿ, ನೀರಿನ ಮಾತು ಎಂಎಲ್‌ಎಗೆ ಬಿಡಿ. ಇವರನ್ನು ಒಂದೇ ಪ್ರಶ್ನೆ ಕೇಳಿ: "ಸಭಾಪತಿ ಎದ್ದು ನಿಂತಾಗ ನೀವು ಕೂತ್ಕೊಳ್ತೀರಾ?"